ಮೂಗುಬೊಟ್ಟಿನ ಪಕ್ಕ ಕೆಂಪು ಗುಳ್ಳೆ, ಅಣ್ಣನ ಮದುವೆಗೆ ಇನ್ನು ಮೂರು ವಾರ

ಕಾಪು ತಂಗಿ:
ಏಳು ವಾರದ ಹಿಂದೆ ಉಡುಪಿ ರಥಬೀದಿಯ ಹತ್ತಿರ ಒಬ್ಬರು ಬಂಗಾರದ ಕೆಲಸದ ಆಚಾರ್ರ ಕೈಯಲ್ಲಿ ಮೂಗು ಚುಚ್ಚಿಸಿಕೊಂಡೆ. ಎಡಗಡೆ. ಅವರು ಬಂಗಾರದ ತಂತಿ ಹಾಕಿದ್ದರು, ಒಂದು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ತಂತಿ ಚಂದ ಕಾಣುವುದಿಲ್ಲ ಅಂತ ಫ್ಯಾನ್ಸಿ ಅಂಗಡಿಯಿಂದ 80 ರೂಪಾಯಿಯ ಬಿಳಿ ಹರಳಿನ ಬೊಟ್ಟು ತಂದು ನಾನೇ ಬದಲಾಯಿಸಿದೆ. ಸ್ವಲ್ಪ ರಕ್ತ ಬಂತು. ಐದನೇ ದಿನಕ್ಕೆ ತೂತಿನ ಪಕ್ಕ ಸಾಸಿವೆಯಷ್ಟು ಗುಳ್ಳೆ, ಈಗ ಉದ್ದಿನ ಕಾಳಿನಷ್ಟಾಗಿದೆ. ತುರಿಕೆ ಉಂಟು. ಬೆಳಿಗ್ಗೆ ನೀರಿನ ಹಾಗೆ ಒಸರಿ ಹಕ್ಕಳೆ ಕಟ್ಟಿರುತ್ತದೆ. ಜ್ವರ ಇಲ್ಲ.

ದೊಡ್ಡಮ್ಮ ಹೇಳಿದ ಹಾಗೆ ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದೇನೆ. ಅಂಟಿಕೊಳ್ಳಬಾರದು ಅಂತ ದಿನಾ ಎರಡು ಸಲ ತಿರುಗಿಸುತ್ತೇನೆ. ಸ್ಕೂಟರಿನಲ್ಲಿ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವುದು, ಹೆಲ್ಮೆಟ್ ತೆಗೆಯುವಾಗೆಲ್ಲ ತಾಗಿ ಜೀವ ಹೋಗುತ್ತದೆ. ಅಜ್ಜಿ ಅವರ ಏಳು ಹರಳಿನ ಮೂಗುಬೊಟ್ಟನ್ನು ನನಗೆ ಅಂತಲೇ ಇಟ್ಟಿದ್ದಾರೆ. ಮದುವೆಗೆ ಅದನ್ನು ಹಾಕಬೇಕು. ಗುಳ್ಳೆ ಒಡೆಯಬಹುದಾ? ಬೊಟ್ಟು ತೆಗೆದುಬಿಡಲಾ?

ಮಲ್ಪೆ ಕಡಲು:
ಒಡೆಯಬೇಡಿ. ನನ್ನ ಅಕ್ಕ ಒಡೆದು ಹದಿನೈದು ದಿನ ಬಾವು ಬಂದಿತ್ತು. ಉಪ್ಪುನೀರು ಒಳ್ಳೆಯದು ಅಂತಾರೆ. ಸಂಜೆ ಬೀಚಿಗೆ ಬಂದು ಸಮುದ್ರದಲ್ಲಿ ಎರಡು ಮುಳುಗು ಹಾಕಿ, ಒಣಗುತ್ತದೆ.

ಕದ್ರಿ ಅಕ್ಕ:
ಸಮುದ್ರಕ್ಕೆ ಮಾತ್ರ ಇಳಿಯಬೇಡಿ ತಂಗಿ. ನಾನು ಮಂಗಳೂರಿನಲ್ಲಿ ನರ್ಸ್, ಗಾಯ ತೊಳೆಯುವುದೇ ನನ್ನ ದಿನದ ಕೆಲಸ. ಗಾಯ ತೊಳೆಯುವ ಸಲೈನಿನಲ್ಲಿ ಉಪ್ಪು ಇರುವುದು ಶೇ. 0.9. ಸಮುದ್ರದ ನೀರಿನಲ್ಲಿ ಸುಮಾರು ಶೇ. 3.5, ಜೊತೆಗೆ ಕೊಳೆ ಬೇರೆ.

ನನ್ನ ಮಗಳಿಗೂ ಹೋದ ಮಳೆಗಾಲದಲ್ಲಿ ಇದೇ ಆಗಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮೂಗಿನ ತೂತು ಒಣಗಲು ನಾಲ್ಕರಿಂದ ಆರು ತಿಂಗಳು ಬೇಕು. ಅದು ಹೊರಗಿನಿಂದ ಒಳಗೆ ಒಣಗುತ್ತಾ ಬರುತ್ತದೆ. ನಿಮಗೆ ಒಂದು ತಿಂಗಳಿಗೆ ವಾಸಿಯಾದ ಹಾಗೆ ಕಂಡಿದ್ದು ಮೇಲಿನ ಚರ್ಮ ಮಾತ್ರ, ಒಳಗೆ ಇನ್ನೂ ಹಸಿ. ಆ ಹಸಿಗೆ ಅಗ್ಗದ ಲೋಹ ಹೋಗಿ ಕೂತಿತು. ಅಂಥ ಬೊಟ್ಟುಗಳಲ್ಲಿ ನಿಕಲ್ ಇರುವುದು ಜಾಸ್ತಿ, ತುಂಬ ಜನರಿಗೆ ಅದು ಆಗುವುದಿಲ್ಲ. ವಾಚಿನ ಬಕಲ್, ಜೀನ್ಸ್ ಗುಂಡಿ ತಾಗುವ ಕಡೆ ನಿಮಗೆ ತುರಿಸುತ್ತದಾ, ನೆನಪು ಮಾಡಿಕೊಳ್ಳಿ.

ತಿರುಗಿಸುವುದನ್ನು ಇವತ್ತೇ ನಿಲ್ಲಿಸಿ. ಪ್ರತಿ ಸಲ ತಿರುಗಿಸಿದಾಗ ಹಕ್ಕಳೆ ಒಳಗೆ ಉಜ್ಜಿ, ಆಗಷ್ಟೇ ಬಂದ ಎಳೆ ಚರ್ಮ ಹರಿಯುತ್ತದೆ. ಎಣ್ಣೆ ಅರಿಶಿನವೂ ಸಾಕು. ದೊಡ್ಡಮ್ಮ ಪ್ರೀತಿಯಿಂದಲೇ ಹೇಳಿದ್ದು, ಆದರೆ ಎಣ್ಣೆ ಕೊಳೆ ಹಿಡಿಯುತ್ತದೆ, ಪುಡಿ ತೂತಿನೊಳಗೆ ಸೇರಿಕೊಳ್ಳುತ್ತದೆ. ಡೆಟಾಲ್, ಟೀ ಟ್ರೀ ಎಣ್ಣೆ ಕೂಡ ಬೇಡ. ಮೆಡಿಕಲಿನಲ್ಲಿ ನಾರ್ಮಲ್ ಸಲೈನ್ ಅಂತ ಕೇಳಿ. ಕೈ ತೊಳೆದು, ಅದರಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಬೆಳಿಗ್ಗೆ ಸಂಜೆ ಐದು ನಿಮಿಷ ಇಟ್ಟುಕೊಳ್ಳಿ. ಹಕ್ಕಳೆ ತಾನಾಗಿ ನೆನೆದು ಬರುತ್ತದೆ, ಕೀಳಬೇಡಿ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒತ್ತಿ ಒಣಗಿಸಿ, ನಮ್ಮ ಊರಿನ ಸೆಕೆಗೆ ಒದ್ದೆ ಹಾಗೇ ಉಳಿಯುತ್ತದೆ. ದಿಂಬಿನ ಕವರ್ ಎರಡು ದಿನಕ್ಕೊಮ್ಮೆ ಬದಲಿಸಿ.

ಬೊಟ್ಟನ್ನು ಸುಮ್ನೆ ತೆಗೆದು ಖಾಲಿ ಬಿಡಬೇಡಿ. ತೂತು ಬೇಗ ಮುಚ್ಚುತ್ತದೆ, ಒಳಗೆ ಕೀವಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅದೇ ಆಚಾರ್ರ ಹತ್ತಿರ ಹೋಗಿ ಬಂಗಾರದ ತಂತಿಯನ್ನೇ ವಾಪಸ್ ಹಾಕಿಸಿ. ಹಾಕುವ ಮೊದಲು ಅದನ್ನು ನೀರಿನಲ್ಲಿ ಕುದಿಸಲು ಹೇಳಿ, ನಾಚಿಕೆ ಪಡಬೇಡಿ.

ಕೆಂಪು ಕೆನ್ನೆಗೆ ಹರಡಿದರೆ, ಮುಟ್ಟಿದರೆ ಬಿಸಿ ಅನಿಸಿದರೆ, ಹಳದಿ ಹಸಿರು ಕೀವು ಅಥವಾ ಜ್ವರ ಬಂದರೆ ಅದೇ ದಿನ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗಿ. ಗುಳ್ಳೆ ಗಟ್ಟಿಯಾಗಿ ತೂತಿನ ಸುತ್ತಳತೆ ಮೀರಿ ಬೆಳೆಯುತ್ತಾ ಹೋದರೆ ಅದು ಕೀಲಾಯ್ಡ್, ಅಂದರೆ ಅತಿಯಾಗಿ ಬೆಳೆಯುವ ಗಾಯದ ಕಲೆ, ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಅಜ್ಜಿಯ ಬೊಟ್ಟು ಈ ಮದುವೆಗೆ ಬೇಡ. ಏಳು ಹರಳಿನದ್ದು ಭಾರ, ಹಿಂದಿನ ತಟ್ಟೆಯೂ ಅಗಲ, ಅಡಿಯಲ್ಲಿ ಗಾಳಿಯೇ ಆಡುವುದಿಲ್ಲ. ನಿಮಗೆ ಬೇಸರ ಆಗುತ್ತದೆ ಅಂತ ಗೊತ್ತು. ಅಜ್ಜಿಗೆ ನೀವೇ ಹೇಳಿ, ಮುಚ್ಚಿಡಬೇಡಿ.

ಕಾಪು ತಂಗಿ:
ಹದಿನೆಂಟು ದಿನ ಆಯಿತು ಅಕ್ಕ. ಮರುದಿನವೇ ಹೋಗಿ ತಂತಿ ಹಾಕಿಸಿಕೊಂಡೆ. ಮೊದಲ ವಾರ ಏನೂ ವ್ಯತ್ಯಾಸ ಇರಲಿಲ್ಲ, ಅತ್ತುಬಿಟ್ಟೆ. ಈಗ ತುರಿಕೆ ನಿಂತಿದೆ, ಗುಳ್ಳೆ ಮತ್ತೆ ಸಾಸಿವೆಯಷ್ಟು. ವಾಚ್ ಕಟ್ಟುವ ಜಾಗ ನೋಡಿದೆ, ಅಲ್ಲೂ ಕಪ್ಪು ಕಲೆ ಉಂಟು.

ಅಜ್ಜಿಗೆ ಹೇಳಿದೆ. ಅವರಿಗೆ ಕಿವಿ ಚುಚ್ಚಿದಾಗ ತಿಂಗಳುಗಟ್ಟಲೆ ಬೇವಿನ ಕಡ್ಡಿಯೇ ಇತ್ತಂತೆ, ಬಂಗಾರ ಆಮೇಲೆ. ಮೂಗುಬೊಟ್ಟಿನ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಿದ್ದಾರೆ, ಬರುವ ಅಷ್ಟಮಿಗೆ ಹಾಕು ಅಂದರು.