ತ್ಸ್ವೆರ್ಖ್‌ಹೌ ಹೊಡೆಯುವಾಗ ಪ್ರತಿಸಲವೂ ತಲೆಯ ಎಡಭಾಗಕ್ಕೆ ಪೆಟ್ಟು: ತಪ್ಪು ಎಲ್ಲಿ?

ಪ್ರಶ್ನೆ:
ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕೆಲಸದಲ್ಲಿರುವ ನಾನು ಮಧ್ಯಯುಗದ ಜರ್ಮನ್ ಕತ್ತಿವರಸೆಯ ಗುರು ಲೀಖ್ಟೆನಾವರ್ ಪರಂಪರೆಯ ಉದ್ದಗತ್ತಿಯ ವರಸೆಗಳನ್ನು ಎಂಟು ತಿಂಗಳಿಂದ ವಿಡಿಯೊ ನೋಡಿಕೊಂಡೇ ಕಲಿಯುತ್ತಿದ್ದೇನೆ. ನಾಲ್ಕು ಕಾವಲು ಭಂಗಿಗಳೂ, ಹೆಗಲ ಮೇಲಿನಿಂದ ಓರೆಯಾಗಿ ಇಳಿಸುವ ತ್ಸೋರ್ನ್‌ಹೌ ಹೊಡೆತವೂ ತಕ್ಕಮಟ್ಟಿಗೆ ಕೈಗೆ ಹತ್ತಿವೆ. ತೊಡಕಿರುವುದು ತ್ಸ್ವೆರ್ಖ್‌ಹೌ ಎಂಬ ಅಡ್ಡ ಹೊಡೆತದಲ್ಲಿ. ಜೊತೆಗಾರ ಮೇಲಿನಿಂದ ಇಳಿಸುವ ಕತ್ತಿಯನ್ನು ತಡೆಯುತ್ತಲೇ ಅವನ ತಲೆಗೆ ಹೊಡೆಯಬೇಕಾದ ಈ ವರಸೆಯಲ್ಲಿ, ಹತ್ತರಲ್ಲಿ ಎಂಟು ಸಲ ಪೆಟ್ಟು ಬೀಳುವುದು ನನ್ನ ಮುಖಕವಚದ ಎಡಭಾಗಕ್ಕೆ. ಅರ್ಧ ಗಂಟೆಯೊಳಗೆ ಬಲಗೈ ಮಣಿಕಟ್ಟು ನೋಯತೊಡಗುತ್ತದೆ. ಕತ್ತಿಯ ತೂಕ 1.5 ಕೆ.ಜಿ.; ಇನ್ನೂ ಹಗುರವಾದದ್ದನ್ನು ಕೊಳ್ಳಬೇಕೆ?

ಉತ್ತರ:
ಕೊಳ್ಳುವುದು ಬೇಡ, ಅಭ್ಯಾಸದ ಮೊಂಡುಗತ್ತಿಗೆ, ಅಂದರೆ ಫೆಡರ್‌ಗೆ, ಆ ತೂಕ ಸಹಜವೇ. ವಿಡಿಯೊದಲ್ಲಿ ಶಿಕ್ಷಕರು ಕ್ಯಾಮೆರಾಕ್ಕೆ ಮುಖ ಮಾಡಿ ನಿಂತಿದ್ದಾರೆಯೇ ಎಂದು ಮೊದಲು ನೋಡಿ. ಹಾಗಿದ್ದಲ್ಲಿ ಅವರು ಬಲಕ್ಕೆ ಇಟ್ಟ ಹೆಜ್ಜೆ ಪರದೆಯ ಮೇಲೆ ಎಡಕ್ಕೆ ಹೋದಂತೆ ಕಾಣುತ್ತದೆ, ನೀವೂ ಎಡಕ್ಕೇ ಹೋಗುತ್ತೀರಿ. ಎದುರಾಳಿಯ ಬಲ ಹೆಗಲಿನಿಂದ ಹೊರಟ ಕತ್ತಿ ಇಳಿಯುವುದು ನಿಮ್ಮ ಎಡಕ್ಕಾದ್ದರಿಂದ, ಪೆಟ್ಟು ಬೀಳುವ ಜಾಗಕ್ಕೆ ನೀವೇ ಹೋಗಿ ತಲೆಯೊಡ್ಡಿದಂತಾಗುತ್ತದೆ. ಈಗ ರೋಮ್‌ನಲ್ಲಿರುವ ಇದೇ ಪರಂಪರೆಯ 1452ರ ಹಸ್ತಪ್ರತಿಯ ವ್ಯಾಖ್ಯಾನವು, ಎಡಗಾಲು ಮುಂದಿಟ್ಟು ನಿಂತವನು ಬಲಗಾಲಿನಿಂದ ತನ್ನ ಬಲಕ್ಕೆ ಚೆನ್ನಾಗಿ ಜಿಗಿಯಬೇಕು ಎಂದೇ ಹೇಳುತ್ತದೆ.

ಮಣಿಕಟ್ಟಿನ ನೋವಿಗೆ ಕಾರಣ ಹೆಬ್ಬೆರಳು ಎಂಬುದು ನನ್ನ ಅಂದಾಜು. ಕತ್ತಿಯನ್ನು ಸುತ್ತಿಗೆಯಂತೆ ಮುಷ್ಟಿಯಲ್ಲಿ ಹಿಡಿದು ಈ ಹೊಡೆತ ಹೊಡೆದರೆ ತಿರುವೆಲ್ಲ ಮಣಿಕಟ್ಟಿನ ಮೇಲೇ ಬೀಳುತ್ತದೆ. ಜಿಗಿಯುವಾಗಲೇ ಹಿಡಿಯನ್ನು ಅಂಗೈಯೊಳಗೆ ಹೊರಳಿಸಿ, ಬಲ ಹೆಬ್ಬೆರಳನ್ನು ಅಡ್ಡಪಟ್ಟಿಯ ಆಚೆ ಅಲಗಿನ ಚಪ್ಪಟೆ ಮೈಗೆ ಕೆಳಗಿನಿಂದ ಒತ್ತಿ ಹಿಡಿಯಿರಿ. ಆಗ ಹಿಂಬದಿಯ ಬಾಯಿ, ಅಂದರೆ ಕತ್ತಿ ಹಿಡಿದಾಗ ನಿಮ್ಮ ಕಡೆಗಿರುವ ಅಂಚು, ತಾನಾಗಿ ಎದುರಾಳಿಯ ತಲೆಯ ಎಡಭಾಗಕ್ಕೆ ತಿರುಗುತ್ತದೆ. ಹಿಡಿ ನಿಮ್ಮ ತಲೆಯ ಮುಂದೆ, ಹಣೆಯಷ್ಟು ಎತ್ತರದಲ್ಲಿರಲಿ. ಎದೆಯ ಮಟ್ಟದಲ್ಲಿದ್ದರೆ ಅವನ ಕತ್ತಿ ನಿಮ್ಮ ಅಲಗಿನ ಮೇಲಿನಿಂದ ನೇರವಾಗಿ ಒಳಗೆ ಬರುತ್ತದೆ.

ಶಿಕ್ಷಕರನ್ನು ಹಿಂದಿನಿಂದ ಚಿತ್ರಿಸಿದ ವಿಡಿಯೊವನ್ನು ಆರಿಸಿಕೊಳ್ಳಿ. ನಿಮ್ಮ ಅಭ್ಯಾಸವನ್ನೂ ಹಿಂದಿನಿಂದಲೇ ಚಿತ್ರಿಸಿ ಎರಡನ್ನೂ ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು:
ಹತ್ತು ದಿನ ಹಾಗೆಯೇ ಮಾಡಿದೆ. ನಾನು ಎಡಕ್ಕೇ ಜಿಗಿಯುತ್ತಿದ್ದುದು ವಿಡಿಯೊದಲ್ಲಿ ನಾಚಿಕೆಯಾಗುವಷ್ಟು ಸ್ಪಷ್ಟವಾಗಿತ್ತು. ಈಗ ಪೆಟ್ಟು ತಪ್ಪಿದೆ, ನೋವೂ ಇಳಿದಿದೆ. ಆದರೆ ಜೊತೆಗಾರ ಈಗ ನನ್ನ ಕತ್ತಿಯನ್ನು ಬಲವಾಗಿ ತಡೆದು ಒತ್ತುತ್ತಾನೆ. ನಾನು ಅಲ್ಲಿಯೇ ನಿಂತುಬಿಡುತ್ತೇನೆ.

ಉತ್ತರ:
ಅವನು ಒತ್ತುವ ಕಡೆಯೇ ನೀವೂ ಒತ್ತಬೇಡಿ. ಅವನ ಬಲ ಅಲಗಿನಲ್ಲಿ ತಿಳಿದೊಡನೆ ಅಲ್ಲಿಂದ ಬಿಡಿಸಿಕೊಂಡು, ಎಡಗಾಲಿನಿಂದ ಎಡಕ್ಕೆ ಹೆಜ್ಜೆಯಿಟ್ಟು, ಇನ್ನೊಂದು ತ್ಸ್ವೆರ್ಖ್‌ಹೌವನ್ನು ಅವನ ತಲೆಯ ಬಲಭಾಗಕ್ಕೆ ಹೊಡೆಯಿರಿ. ಈ ಬಾರಿ ಮುಂಬದಿಯ ಬಾಯಿಯಿಂದ. ಹಳೆಯ ಗುರುಗಳು ಫ್ಯೂಲೆನ್ ಎಂದು ಕರೆದ ಈ ಸ್ಪರ್ಶಜ್ಞಾನವನ್ನು ಯಾವ ವಿಡಿಯೊವೂ ಕೊಡಲಾರದು. ನಿಮ್ಮ ಪಕ್ಕದ ನ್ಯೂರೆಂಬರ್ಗ್‌ನ ಸಂಗ್ರಹಾಲಯದಲ್ಲಿರುವ ಇದೇ ಪರಂಪರೆಯ, 3227ಎ ಎಂಬ ಸಂಖ್ಯೆಯ ಹಳೆಯ ಹಸ್ತಪ್ರತಿಯೂ, ಕೈಯಿಂದ ತೋರಿಸಿದಷ್ಟು ಸ್ಪಷ್ಟವಾಗಿ ಈ ವಿದ್ಯೆಯನ್ನು ಬರೆದು ಹೇಳಲಾಗದು ಎಂದು ಒಪ್ಪಿಕೊಳ್ಳುತ್ತದೆ. ಜೊತೆಗಾರ ಒಮ್ಮೆ ಗಟ್ಟಿಯಾಗಿ, ಒಮ್ಮೆ ಸಡಿಲವಾಗಿ, ಯಾವುದೆಂದು ಮೊದಲೇ ಹೇಳದೆ ತಡೆಯಲಿ. ಮೊದಲ ವಾರ ಅರ್ಧ ವೇಗ ಸಾಕು; ಕೈಗವಚವನ್ನು ಮಾತ್ರ ಬಿಡಬೇಡಿ, ಏಕೆಂದರೆ ಈ ಅಭ್ಯಾಸದಲ್ಲಿ ಮೊದಲು ಏಟು ತಿನ್ನುವುದು ಹೆಬ್ಬೆರಳು.