ಡೇ ಕೇರ್ ಕೀಮೋ: ಕುರ್ಚಿ ಹೆಚ್ಚಿಸಿದರೆ ಕಾಯುವುದು ತಪ್ಪುತ್ತದೆಯೇ?

ಡೇಕೇರ್ ಇನ್‌ಚಾರ್ಜ್
ಜಿಲ್ಲಾ ಆಸ್ಪತ್ರೆಯ ಡೇ ಕೇರ್ ಕೀಮೋ ಘಟಕ (ಕ್ಯಾನ್ಸರ್ ಔಷಧ ಹಾಕಿಸಿಕೊಂಡು ಅದೇ ದಿನ ಮನೆಗೆ ಹೋಗುವ ಜಾಗ). ಆರು ಕುರ್ಚಿ, ಇಬ್ಬರು ಸಿಸ್ಟರ್, ಔಷಧ ಬೆರೆಸಲು ಒಬ್ಬ ಫಾರ್ಮಸಿಸ್ಟ್, ಬೆರೆಸುವವರಿಗೆ ಔಷಧ ತಾಗದಂತೆ ಕಾಯುವ ಬಯೋಸೇಫ್ಟಿ ಕ್ಯಾಬಿನೆಟ್ ಒಂದೇ. ರೋಗಿಗಳು ಬೆಳಿಗ್ಗೆ 8ಕ್ಕೇ ಬರುತ್ತಾರೆ, ಡ್ರಿಪ್ ಶುರುವಾಗುವುದು 11:30ಕ್ಕೆ. ಸಂಜೆ 4ಕ್ಕೆ ಮುಗಿಯದವರನ್ನು ವಾರ್ಡಿಗೆ ಕಳಿಸಬೇಕು. ಹೆಚ್ಚಿನವರು ಸ್ತನ, ಅಂಡಾಶಯ, ದೊಡ್ಡ ಕರುಳಿನ ಕ್ಯಾನ್ಸರ್‌ನವರು. 2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗೂ ಇಂಥ ಕೇಂದ್ರ ಎಂದು ಘೋಷಣೆಯಾದ ಮೇಲೆ, ಇನ್ನೂ ನಾಲ್ಕು ಕುರ್ಚಿ ಕೇಳೋಣ ಎಂಬ ಮಾತಿದೆ. ಕೇಳಬಹುದೇ?

ಕ್ಯಾನುಲಾ ಸಿಸ್ಟರ್
ಕೇಳಿ, ಬೇಡ ಅನ್ನಲ್ಲ. ಆದರೆ ಈಗ ಬೆಂಚಿನ ಮೇಲೆ ಕಾಯುವವರು ಆಮೇಲೆ ಕುರ್ಚಿಯಲ್ಲಿ ಕಾಯುತ್ತಾರೆ, ಅಷ್ಟೇ ವ್ಯತ್ಯಾಸ.

ಪ್ಯಾಕ್ಲಿಟ್ಯಾಕ್ಸೆಲ್-ಕಾರ್ಬೋಪ್ಲಾಟಿನ್ ಎಂಬ ಜೋಡಿ ಕೀಮೋ ಔಷಧದ ಲೆಕ್ಕ ಹಾಕಿ ನೋಡಿ. ಅಲರ್ಜಿ ತಡೆಯುವ ಇಂಜೆಕ್ಷನ್‌ಗಳು ಅರ್ಧ ಗಂಟೆ ಮೊದಲು, ಪ್ಯಾಕ್ಲಿಟ್ಯಾಕ್ಸೆಲ್ 3 ಗಂಟೆ, ಕಾರ್ಬೋಪ್ಲಾಟಿನ್ 1 ಗಂಟೆ, ಕ್ಯಾನುಲಾ (ರಕ್ತನಾಳದ ನಳಿಕೆ) ಹಾಕುವುದು, ಅದನ್ನು ಫ್ಲಶ್ ಮಾಡಿ ತೊಳೆಯುವುದು ಸೇರಿ ಇನ್ನರ್ಧ ಗಂಟೆ. ಒಟ್ಟು 5 ಗಂಟೆ. 11:30ಕ್ಕೆ ಶುರುವಾದರೆ 4:30. ನಿಮ್ಮ ವಾರ್ಡ್ ಭರ್ತಿಗೆ ಕಾರಣ ಇಲ್ಲೇ ಇದೆ. 9ಕ್ಕೆ ಶುರುವಾದರೆ 2ಕ್ಕೆ ಮುಗಿದು, ಅದೇ ಕುರ್ಚಿಗೆ ಟ್ರಾಸ್ಟುಜುಮ್ಯಾಬ್‌ನ (ಕೆಲವು ಸ್ತನ ಕ್ಯಾನ್ಸರ್‌ಗೆ ಕೊಡುವ ಔಷಧ) ಅರ್ಧ ಗಂಟೆಯ ಮುಂದುವರಿಕೆ ಡೋಸ್‌ನವರು ಬರಬಹುದು. ಉದ್ದದ ಡ್ರಿಪ್ ಮೊದಲು, ಗಿಡ್ಡದ್ದು ಆಮೇಲೆ. ಬಂದ ಕ್ರಮದಲ್ಲಿ ಟೋಕನ್ ಕೊಟ್ಟರೆ ಇದು ಕೆಡುತ್ತದೆ.

ಇನ್ನೊಂದು: ಪ್ಯಾಕ್ಲಿಟ್ಯಾಕ್ಸೆಲ್‌ಗೆ ಆಗುವ ತೀವ್ರ ರಿಯಾಕ್ಷನ್ ಹೆಚ್ಚಾಗಿ ಮೊದಲೆರಡು ಸೈಕಲ್‌ಗಳಲ್ಲಿ, ಶುರುವಾದ ಹತ್ತು ನಿಮಿಷದೊಳಗೆ. ಅಷ್ಟು ಹೊತ್ತು ಸಿಸ್ಟರ್ ಪಕ್ಕ ಬಿಟ್ಟು ಕದಲುವಂತಿಲ್ಲ. ಒಬ್ಬ ಸಿಸ್ಟರ್ ಕೈಯಲ್ಲಿ ಒಟ್ಟಿಗೇ ಎರಡು ಪ್ಯಾಕ್ಲಿಟ್ಯಾಕ್ಸೆಲ್ ಶುರು ಮಾಡಿಸಬೇಡಿ, ನಡುವೆ 20 ನಿಮಿಷ ಬಿಡಿ. ಇಬ್ಬರೇ ಸಿಸ್ಟರ್ ಇಟ್ಟುಕೊಂಡು ಹತ್ತು ಕುರ್ಚಿ ಮಾಡಿದರೆ ಮೊದಲು ಇಲ್ಲೇ ಸಿಕ್ಕಿಬೀಳುತ್ತೀರಿ.

ಲ್ಯಾಮಿನಾರ್
ಎಂಟರಿಂದ ಹನ್ನೊಂದೂವರೆವರೆಗೆ ಏನಾಗುತ್ತಿದೆ ಅಂತ ಫಾರ್ಮಸಿ ಕಡೆಯಿಂದ ಹೇಳುತ್ತೇನೆ: ರಕ್ತ ತೆಗೆಯುವುದು, ರಿಪೋರ್ಟ್, ಡಾಕ್ಟರ್ ಸಹಿ, ಆಮೇಲೆ ಎಲ್ಲ ಆರ್ಡರ್ ಒಂದೇ ಸಲ ಒಂದೇ ಕ್ಯಾಬಿನೆಟ್‌ಗೆ. ರಕ್ತಪರೀಕ್ಷೆ ಹಿಂದಿನ ದಿನವೇ ಆಗಲಿ, ತಾಲ್ಲೂಕು ಆಸ್ಪತ್ರೆಯಲ್ಲೇ ಸಿಬಿಸಿ (ರಕ್ತಕಣಗಳ ಎಣಿಕೆ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮಾಡಿಸಿ ರಿಪೋರ್ಟ್ ವಾಟ್ಸ್ಆ್ಯಪ್ ಮಾಡಲಿ. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 1,500ಕ್ಕಿಂತ ಇಲ್ಲವೇ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆ ಇದ್ದವರು ಡಾಕ್ಟರ್ ಹೇಳುವವರೆಗೆ ಬಸ್ ಹತ್ತುವುದೇ ಬೇಡ. ಕಾರ್ಬೋಪ್ಲಾಟಿನ್ ಡೋಸ್ ಕ್ರಿಯಾಟಿನಿನ್ ಮೇಲೇ ನಿಂತಿರುವುದರಿಂದ, ಆ ಲೆಕ್ಕವೂ ಸಂಜೆಗೇ ಮುಗಿಯುತ್ತದೆ.

ಬೆಳಿಗ್ಗೆ ಬಂದವರಿಗೆ ತೂಕ, ಜ್ವರ ನೋಡಿ ಓಕೆ ಅಂದರೆ ಸಾಕು. ದುಬಾರಿ ಔಷಧವನ್ನು ಮಾತ್ರ ರೋಗಿ ಕಣ್ಣಿಗೆ ಬೀಳುವವರೆಗೆ ಬೆರೆಸಬೇಡಿ.

ಟ್ರಾಸ್ಟುಜುಮ್ಯಾಬ್‌ನವರನ್ನೆಲ್ಲ ಒಂದೇ ದಿನ ಕರೆಯಿರಿ. 55 ಕೆಜಿಯವರಿಗೆ ಕೆಜಿಗೆ 6 ಮಿಗ್ರಾಂನಂತೆ 330 ಮಿಗ್ರಾಂ. ಒಬ್ಬೊಬ್ಬರಿಗೆ ಒಂದೊಂದು 440 ಮಿಗ್ರಾಂನ ವಯಲ್ (ಔಷಧದ ಸೀಸೆ) ಒಡೆದರೆ ಪ್ರತಿ ಸಲ 110 ಉಳಿಯುತ್ತದೆ. ಅಂಥ ನಾಲ್ವರಿಗೆ ಬೇಕಾಗುವುದು 1,320, ಅಂದರೆ ಸರಿಯಾಗಿ ಮೂರೇ ವಯಲ್. ಜೊತೆಗೆ ಬಂದ ಬ್ಯಾಕ್ಟೀರಿಯೋಸ್ಟಾಟಿಕ್ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ) ನೀರಿನಲ್ಲಿ ಕರಗಿಸಿದ್ದರೆ 2ರಿಂದ 8 ಡಿಗ್ರಿಯಲ್ಲಿ 28 ದಿನ ಇಡಬಹುದು. ಬರೀ ಸ್ಟೆರೈಲ್ ನೀರು ಹಾಕಿದ್ದರೆ ಆಗಲೇ ಬಳಸಿ ಮಿಕ್ಕಿದ್ದು ಚೆಲ್ಲಬೇಕು. ಕರಗಿಸುವಾಗ ಕುಲುಕಬೇಡಿ, ನೊರೆ ಎದ್ದರೆ ಪೂರ್ತಿ ಡೋಸ್ ಎಳೆಯಲಾಗುವುದಿಲ್ಲ. ಮೆಲ್ಲಗೆ ತಿರುಗಿಸಿ 5 ನಿಮಿಷ ಬಿಡಿ.

ಚೀಲ ಅದಲುಬದಲಾದರೆ ಸಮಯ, ದುಡ್ಡು ಎರಡೂ ಹೋದಂತೆ. ಟ್ರಾಸ್ಟುಜುಮ್ಯಾಬ್ ಸಲೈನ್‌ನಲ್ಲೇ, ಕರುಳಿನ ಕ್ಯಾನ್ಸರ್‌ನ ಆಕ್ಸಾಲಿಪ್ಲಾಟಿನ್ ಡಿ5ನಲ್ಲೇ (5% ಡೆಕ್ಸ್ಟ್ರೋಸ್ ಸಕ್ಕರೆ ದ್ರವ). ಪ್ಯಾಕ್ಲಿಟ್ಯಾಕ್ಸೆಲ್‌ಗೆ ಪಿವಿಸಿ ಅಲ್ಲದ ಸೆಟ್, 0.22 ಮೈಕ್ರಾನ್ ಫಿಲ್ಟರ್. ಮಾಮೂಲಿ ಪಿವಿಸಿ ಸೆಟ್ ಹಾಕಿದರೆ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕ ದ್ರವಕ್ಕೆ ಇಳಿಯುತ್ತದೆ.

ಡೇಕೇರ್ ಇನ್‌ಚಾರ್ಜ್
ಹಿಂದಿನ ದಿನದ ರಕ್ತಪರೀಕ್ಷೆ ಮಾಡಬಹುದು, ಥ್ಯಾಂಕ್ಸ್. ಕರುಳಿನವರದ್ದೇ ತಲೆನೋವು. ಅವರ 5-ಎಫ್‌ಯು ಎಂಬ ಕೀಮೋ ಔಷಧ 46 ಗಂಟೆ ಹೋಗಬೇಕು, ಎರಡು ರಾತ್ರಿ ಬೆಡ್ ಹಿಡಿಯುತ್ತದೆ. ಚರ್ಮದಡಿ ಕೊಡುವ ಟ್ರಾಸ್ಟುಜುಮ್ಯಾಬ್ ಬಗ್ಗೆಯೂ ಹೇಳಿ.

ಮೆಡ್ ಆಂಕೊ
ಚರ್ಮದಡಿಯದ್ದು ತೂಕ ಎಷ್ಟೇ ಇರಲಿ 600 ಮಿಗ್ರಾಂ, 5 ಎಂಎಲ್, ತೊಡೆಗೆ 2ರಿಂದ 5 ನಿಮಿಷ. ಬೆರೆಸುವ ಕೆಲಸವೇ ಇಲ್ಲ. ಆದರೆ ಅರ್ಧ ಗಂಟೆಯ ಡ್ರಿಪ್ ಉಳಿಸಲು ಅದರ ದರ ಕೊಡುವುದು ನಿಮ್ಮಂಥ ಘಟಕಕ್ಕೆ ಸದ್ಯ ಬೇಡ ಅನಿಸುತ್ತದೆ.

ಕರುಳಿನವರಲ್ಲಿ ಮಾತ್ರೆ ನುಂಗಬಲ್ಲವರಿಗೆ ಕೇಪಾಕ್ಸ್ (ಡ್ರಿಪ್ ಜೊತೆ ಮಾತ್ರೆಯ ಕ್ರಮ) ಯೋಚಿಸಿ: ಮೊದಲ ದಿನ ಆಕ್ಸಾಲಿಪ್ಲಾಟಿನ್ 2 ಗಂಟೆ, ಆಮೇಲೆ ಮನೆಯಲ್ಲಿ 14 ದಿನ ಕೆಪೆಸಿಟಬಿನ್ ಮಾತ್ರೆ, 21 ದಿನಕ್ಕೊಂದು ಸೈಕಲ್. ಆರು ತಿಂಗಳಲ್ಲಿ ಫಾಲ್ಫಾಕ್ಸ್‌ನ (ನೀವು ಹೇಳಿದ 46 ಗಂಟೆಯ 5-ಎಫ್‌ಯು ಇರುವ ಕ್ರಮ) 12 ಸೈಕಲ್ ಬದಲು 8. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಶೋಧಿಸುವ ವೇಗ) ನಿಮಿಷಕ್ಕೆ 30 ಎಂಎಲ್‌ಗಿಂತ ಕಡಿಮೆಯಿದ್ದರೆ ಕೂಡದು, 30ರಿಂದ 50ರ ನಡುವೆ ಇದ್ದರೆ ಮಾತ್ರೆಯ ಡೋಸ್ ಮುಕ್ಕಾಲು. ಭೇದಿ ಹೆಚ್ಚಾದರೆ, ಅಂಗೈ-ಅಂಗಾಲು ಕೆಂಪಾಗಿ ನೋವು ಬಂದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕೆಂದು ಮನೆಯವರಿಗೂ ಹೇಳಿ.

ಫಾಲ್ಫಾಕ್ಸೇ ಬೇಕೆಂದರೆ ಕೀಮೋಪೋರ್ಟ್ (ದೊಡ್ಡ ರಕ್ತನಾಳಕ್ಕೆ ಸೇರುವ, ಚರ್ಮದಡಿಯ ಪುಟ್ಟ ಡಬ್ಬಿ) ಹಾಕಿಸಿ, ಔಷಧವನ್ನು ನಿಧಾನವಾಗಿ ತಾನೇ ತಳ್ಳುವ ಬಲೂನ್ ಪಂಪ್ ಕಟ್ಟಿ ಮನೆಗೆ ಕಳಿಸಿ. ಸೋಮವಾರ ಮಧ್ಯಾಹ್ನ 12ಕ್ಕೆ ಕಟ್ಟಿದರೆ ಬುಧವಾರ ಬೆಳಿಗ್ಗೆ 10ಕ್ಕೆ ಬಿಚ್ಚಬೇಕು. ಶುಕ್ರವಾರ ಕಟ್ಟಬೇಡಿ, ಭಾನುವಾರ ಬಿಚ್ಚುವವರು ಯಾರು? ಹೊತ್ತಿಗೆ ಸರಿಯಾಗಿ ಪಂಪ್ ಖಾಲಿಯಾಗದಿದ್ದರೆ ಮೊದಲು ಕ್ಲ್ಯಾಂಪ್ ನೋಡಿ, ಆಮೇಲೆ ಹರಿವು ನಿಯಂತ್ರಿಸುವ ತುಂಡು ಮೈಗೆ ಅಂಟಿದೆಯೇ ನೋಡಿ. ಅದು ಮೈಬಿಸಿಗೆ ಹೊಂದಿಸಿದ್ದು, ಬಟ್ಟೆಯ ಮೇಲೆ ತೂಗಾಡಿದರೆ ಹರಿವು ನಿಧಾನವಾಗುತ್ತದೆ.