ಸೊಂಟದ ಕೀಲು ಬದಲಿಸಿ ತಿಂಗಳುಗಳಾದರೂ ಉಳಿದಿರುವ ನೋವು: ಯಾವುದನ್ನು ತಾಳಿಕೊಳ್ಳಬೇಕು, ಯಾವುದನ್ನು ವೈದ್ಯರಿಗೆ ತೋರಿಸಬೇಕು?

ಪ್ರಶ್ನೆ: ನಿಧಾನಹೆಜ್ಜೆ

ಎಲ್ಲರಿಗೂ ನಮಸ್ಕಾರ. ಕೀಲಿನ ಸವೆತ ಬಹಳ ಮುಂದುವರಿದಿದ್ದ ಕಾರಣ ನನ್ನ ಬಲ ಸೊಂಟದ ಕೀಲನ್ನು ಬದಲಿಸಿ ಈಗ ನಾಲ್ಕು ತಿಂಗಳಾಗುತ್ತ ಬಂದಿದೆ. ರಾತ್ರಿಹಗಲು ಕೊರೆಯುತ್ತಿದ್ದ, ಮೂಳೆಯೊಳಗಿನಿಂದಲೇ ಬರುತ್ತಿದ್ದಂತಿದ್ದ ಆ ಹಳೆಯ ನೋವು ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೆ ಕಾಣಿಸಿಕೊಂಡಿಲ್ಲ. ಆದರೆ ಅದರ ಜಾಗದಲ್ಲಿ ಬೇರೆ ಬಗೆಯ ನೋವುಗಳು ಉಳಿದುಕೊಂಡಿವೆ. ಹಾಸಿಗೆಯ ಮೇಲೆ ಕಾಲೆತ್ತಿ ಇಡುವಾಗ, ಕಾರಿನೊಳಗೆ ಕುಳಿತುಕೊಳ್ಳುವಾಗ ತೊಡೆಸಂದಿನಲ್ಲಿ ಚುಳ್ಳೆನ್ನುತ್ತದೆ. ಆಪರೇಷನ್ ಆದ ಕಡೆಗೆ ಮಗ್ಗುಲಾದರೆ ಸೊಂಟದ ಹೊರಬದಿ ನೋಯುವುದರಿಂದ ನಿದ್ದೆ ಮುರಿಯುತ್ತದೆ. ಸಂಜೆಯಾಗುವಷ್ಟರಲ್ಲಿ ಪಾದ ಊದಿಕೊಳ್ಳುತ್ತದೆ. ಗಾಯದ ಪಕ್ಕದಲ್ಲಿ ಅಂಗೈ ಅಗಲದಷ್ಟು ಜಾಗ ಜೋಮು ಹಿಡಿದಂತಿದೆ. ಇವೆಲ್ಲದರ ಜೊತೆಗೆ ಬಲಗಾಲು ಎಡಗಾಲಿಗಿಂತ ಉದ್ದವಾಗಿದೆಯೇನೋ ಎಂಬ ಭಾವನೆ ನಡೆಯುವಾಗಲೆಲ್ಲ ಬರುತ್ತದೆ.

ಎಕ್ಸ್‌ರೇ ನೋಡಿದ ಶಸ್ತ್ರಚಿಕಿತ್ಸಕರು ಕೀಲು ಸರಿಯಾಗಿ ಕುಳಿತಿದೆ, ಚಿಂತೆಗೆ ಕಾರಣವಿಲ್ಲ ಎಂದು ಹೇಳಿದ್ದಾರೆ. ಅವರ ಮಾತಿನಲ್ಲಿ ನನಗೆ ನಂಬಿಕೆಯಿದೆ. ಆದರೂ ಇದೇ ಶಸ್ತ್ರಚಿಕಿತ್ಸೆಯಾದ ಇತರರು ಎರಡು ತಿಂಗಳಲ್ಲೇ ಕೋಲಿಲ್ಲದೆ ಓಡಾಡುತ್ತಿದ್ದರು ಎಂಬ ಮಾತು ಕೇಳಿದಾಗಲೆಲ್ಲ ನನ್ನ ಚೇತರಿಕೆ ಎಲ್ಲೋ ಹಾದಿ ತಪ್ಪಿದೆಯೇ ಎಂಬ ಅಳುಕು ಹುಟ್ಟುತ್ತದೆ. ನೋವಿದ್ದಾಗ ವ್ಯಾಯಾಮ ಮುಂದುವರಿಸಬೇಕೋ, ವಿಶ್ರಾಂತಿ ಪಡೆಯಬೇಕೋ ಎಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು, ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಚಲನೆ (ಫಿಸಿಯೋಥೆರಪಿಸ್ಟ್)

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು, ಹಳೆಯ ನೋವು ಹೋಗಿದೆ ಮತ್ತು ಈಗಿರುವ ನೋವುಗಳು ಬೇರೆ ಎಂಬ ನಿಮ್ಮ ಮಾತು. ಶಸ್ತ್ರಚಿಕಿತ್ಸೆ ಸವೆದ ಕೀಲನ್ನು ತೆಗೆದುಹಾಕುತ್ತದೆಯೇ ಹೊರತು, ವರ್ಷಗಟ್ಟಲೆ ಕುಂಟುತ್ತ ನಡೆದದ್ದರಿಂದ ಬಲಗುಂದಿದ ಸ್ನಾಯುಗಳನ್ನು ಬದಲಿಸುವುದಿಲ್ಲ. ಮೇಲಾಗಿ ಕೀಲನ್ನು ತಲುಪಲು ಆ ಸ್ನಾಯುಗಳ ನಡುವೆಯೇ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಚರ್ಮದ ಗಾಯ ಎರಡು ಮೂರು ವಾರಗಳಲ್ಲಿ ಕೂಡಿಕೊಂಡರೂ ಒಳಗಿನ ಸ್ನಾಯು ಮತ್ತು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿಗಳು) ಬಲ ಪಡೆಯಲು ತಿಂಗಳುಗಳು ಬೇಕು. ಒಟ್ಟು ಸುಧಾರಣೆ ಒಂದು ವರ್ಷದವರೆಗೂ, ಕೆಲವರಲ್ಲಿ ಅದಕ್ಕೂ ಮುಂದೆ, ನಡೆಯುತ್ತಲೇ ಇರುತ್ತದೆ. ಹೀಗಾಗಿ ನಾಲ್ಕನೆಯ ತಿಂಗಳಲ್ಲಿ ನೋವಿದೆ ಎಂದ ಮಾತ್ರಕ್ಕೆ ಚೇತರಿಕೆ ಹಾದಿ ತಪ್ಪಿದೆ ಎಂದು ತಿಳಿಯಬೇಕಾಗಿಲ್ಲ. ನೋವು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ, ಯಾವ ಚಲನೆಯಲ್ಲಿ ಬರುತ್ತದೆ, ಮರುದಿನ ಬೆಳಿಗ್ಗೆ ಹೇಗಿರುತ್ತದೆ ಎಂಬ ಮೂರು ಸಂಗತಿಗಳು ನಮಗೆ ಹೆಚ್ಚು ಹೇಳುತ್ತವೆ.

ತೊಡೆಸಂದಿನ ನೋವನ್ನು ಮೊದಲು ನೋಡೋಣ. ತೊಡೆಯನ್ನು ಮೇಲೆತ್ತುವ ಸ್ನಾಯುವಿನ ರಜ್ಜು ಕೀಲಿನ ಮುಂಭಾಗದಲ್ಲೇ ಹಾದುಹೋಗುತ್ತದೆ. ಅದು ಬಿಗಿಯಾಗಿದ್ದರೆ ಅಥವಾ ಕೆರಳಿದ್ದರೆ, ಕಾಲನ್ನು ನೀವೇ ಎತ್ತುವಾಗ ಚುಳ್ಳೆನ್ನುತ್ತದೆ. ಬೇರೆಯವರು ಮೆಲ್ಲಗೆ ಎತ್ತಿದರೆ ಅಷ್ಟಾಗಿ ನೋಯುವುದಿಲ್ಲ. ನಿಮ್ಮಲ್ಲೂ ಹೀಗೇ ಇದ್ದರೆ, ಮಲಗಿಕೊಂಡು ನೇರವಾದ ಕಾಲನ್ನು ಮೇಲೆತ್ತುವ ವ್ಯಾಯಾಮವನ್ನು ಸದ್ಯಕ್ಕೆ ಬಿಟ್ಟು, ಅದರ ಬದಲಿಗೆ ಯಾವುದನ್ನು ಮಾಡಬೇಕೆಂದು ನಿಮ್ಮ ಫಿಸಿಯೋಥೆರಪಿಸ್ಟರನ್ನು ಕೇಳಿ. ಹಾಸಿಗೆಗೆ ಏರುವಾಗ ಟವೆಲನ್ನು ಪಾದದ ಕೆಳಗೆ ಹಾಯಿಸಿ ಕೈಯಿಂದ ಕಾಲನ್ನು ಎತ್ತಿಕೊಳ್ಳಬಹುದು. ಕಾರಿನಲ್ಲಿ ಮೊದಲು ಸೀಟಿಗೆ ಬೆನ್ನು ಮಾಡಿ ಕುಳಿತು, ಆಮೇಲೆ ದೇಹವನ್ನೂ ಎರಡು ಕಾಲುಗಳನ್ನೂ ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು. ತಿಂಗಳುಗಳ ಆರೈಕೆಯ ನಂತರವೂ ಈ ನೋವು ಕಡಿಮೆಯಾಗದಿದ್ದರೆ, ಸೊಂಟದ ಮೂಳೆಯಲ್ಲಿ ಕೂರಿಸಿದ ಕೃತಕ ಬಟ್ಟಲಿನ ಮುಂಭಾಗದ ಅಂಚು ರಜ್ಜುವಿಗೆ ಉಜ್ಜುತ್ತಿದೆಯೇ ಎಂದು ಶಸ್ತ್ರಚಿಕಿತ್ಸಕರು ಪರಿಶೀಲಿಸಬೇಕಾಗುತ್ತದೆ.

ಹೊರಬದಿಯ ನೋವಿನ ಕಾರಣ ಬೇರೆ. ನಾವು ಒಂದು ಕಾಲಿನ ಮೇಲೆ ನಿಂತಾಗ ಸೊಂಟ ಇನ್ನೊಂದು ಕಡೆಗೆ ವಾಲದಂತೆ ಹಿಡಿದಿಡುವುದು ಪೃಷ್ಠದ ಪಕ್ಕದ ಸ್ನಾಯುಗಳು. ಅವು ದುರ್ಬಲವಾಗಿದ್ದರೆ ಪ್ರತಿ ಹೆಜ್ಜೆಯಲ್ಲೂ ಅವುಗಳ ರಜ್ಜುಗಳಿಗೆ ಶ್ರಮವಾಗುತ್ತದೆ, ಆ ಬದಿಗೆ ಮಲಗಿದಾಗ ಅಲ್ಲಿ ಒತ್ತಡ ಬಿದ್ದು ನೋಯುತ್ತದೆ. ಇಲ್ಲಿ ಕೋಲಿನ ವಿಷಯವನ್ನು ಒತ್ತಿ ಹೇಳಬೇಕು. ಕೋಲನ್ನು ಆಪರೇಷನ್ ಆಗದ ಬದಿಯ ಕೈಯಲ್ಲಿ, ಅಂದರೆ ನಿಮ್ಮ ವಿಷಯದಲ್ಲಿ ಎಡಗೈಯಲ್ಲಿ, ಹಿಡಿಯಬೇಕು. ಆಗ ಮಾತ್ರ ಅದು ಬಲ ಸೊಂಟದ ಸ್ನಾಯುಗಳ ಹೊರೆಯನ್ನು ನಿಜವಾಗಿ ತಗ್ಗಿಸುತ್ತದೆ. ಕುಂಟುತ್ತ ಕೋಲಿಲ್ಲದೆ ನಡೆಯುವುದಕ್ಕಿಂತ ಕೋಲು ಹಿಡಿದು ನೆಟ್ಟಗೆ ನಡೆಯುವುದೇ ಲೇಸು. ಕುಂಟುವುದು ಅಭ್ಯಾಸವಾಗಿಬಿಟ್ಟರೆ ಬೆನ್ನು ಮತ್ತು ಮಂಡಿಗೂ ನೋವು ಹರಡುತ್ತದೆ. ಇತರರು ಎಷ್ಟು ಬೇಗ ಕೋಲು ಬಿಟ್ಟರು ಎಂಬ ಹೋಲಿಕೆಯನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಶಸ್ತ್ರಚಿಕಿತ್ಸೆ ಮುಂದಿನಿಂದ ಆಯಿತೋ, ಪಕ್ಕದಿಂದಲೋ, ಹಿಂದಿನಿಂದಲೋ ಎಂಬುದರ ಮೇಲೂ ಅದಕ್ಕೆ ಮೊದಲು ಎಷ್ಟು ವರ್ಷ ಕುಂಟಿದ್ದೀರಿ ಎಂಬುದರ ಮೇಲೂ ಆ ಅವಧಿ ಬದಲಾಗುತ್ತದೆ. ಪಕ್ಕದಿಂದ ಆಗಿದ್ದರೆ ಬಿಡಿಸಿ ಮತ್ತೆ ಹೊಲಿದ ಸ್ನಾಯು ಕೂಡಿಕೊಳ್ಳಬೇಕಾದ್ದರಿಂದ, ಕಾಲನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಆರಂಭಿಸಕೂಡದು.

ಕಾಲು ಉದ್ದವಾದ ಭಾವನೆ ಬಹಳ ಜನರಲ್ಲಿ ಇರುತ್ತದೆ. ಸವೆದ ಕೀಲಿನಿಂದ ನಿಮ್ಮ ಕಾಲು ನಿಧಾನವಾಗಿ ಗಿಡ್ಡವಾಗಿತ್ತು, ದೇಹ ಅದಕ್ಕೆ ಹೊಂದಿಕೊಂಡಿತ್ತು. ಈಗ ಉದ್ದ ಸರಿಹೋದಾಗ, ಬಿಗಿದುಕೊಂಡಿರುವ ಸ್ನಾಯುಗಳು ಸೊಂಟವನ್ನು ಒಂದು ಕಡೆಗೆ ಎಳೆಯುವುದರಿಂದ ಸರಿಯಾದ ಉದ್ದವೇ ಹೆಚ್ಚೆನಿಸುತ್ತದೆ. ಸ್ನಾಯುಗಳು ಸಡಿಲವಾದಂತೆ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಇದು ಕಡಿಮೆಯಾಗುತ್ತದೆ. ನಿಜವಾಗಿಯೂ ವ್ಯತ್ಯಾಸವಿದೆಯೇ ಎಂಬುದನ್ನು ಎಕ್ಸ್‌ರೇಯಲ್ಲಿ ಅಳೆಯಬಹುದು. ಅಳೆಸದೆ ಚಪ್ಪಲಿಗೋ ಶೂಗೋ ಎತ್ತರದ ಅಟ್ಟೆ ಹಾಕಿಸಿಕೊಂಡರೆ ದೇಹ ಆ ವಾಲಿಕೆಗೇ ಒಗ್ಗಿಹೋಗುತ್ತದೆ.

ವ್ಯಾಯಾಮವೋ ವಿಶ್ರಾಂತಿಯೋ ಎಂಬ ಪ್ರಶ್ನೆಗೆ ನಾನು ರೋಗಿಗಳಿಗೆ ಹೇಳುವುದು ಇಷ್ಟು: ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದುಕೊಳ್ಳಿ. ವ್ಯಾಯಾಮದ ವೇಳೆ ಅದು ಮೂರು ನಾಲ್ಕರವರೆಗೆ ಏರಿ, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ಅದೇ ಪ್ರಮಾಣದಲ್ಲಿ ಮುಂದುವರಿಸಬಹುದು. ಬೆಳಿಗ್ಗೆಯೂ ಹೆಚ್ಚಾಗಿಯೇ ಇದ್ದರೆ ಹಿಂದಿನ ದಿನದ್ದು ಅತಿಯಾಯಿತು ಎಂದರ್ಥ. ಪೂರ್ತಿ ನಿಲ್ಲಿಸದೆ ಅರ್ಧಕ್ಕೆ ಇಳಿಸಿ. ಚೆನ್ನಾಗಿರುವ ದಿನ ಮಿತಿಮೀರಿ ನಡೆದು, ಅದರ ಫಲವಾಗಿ ಎರಡು ದಿನ ಮಲಗುವ ಕ್ರಮದಲ್ಲಿ ಸ್ನಾಯುಗಳಿಗೆ ಬಲ ಬರುವುದಿಲ್ಲ. ಒಂದೇ ಸಲಕ್ಕೆ ದೂರ ನಡೆಯುವ ಬದಲು ಅಷ್ಟೇ ದೂರವನ್ನು ದಿನದಲ್ಲಿ ಮೂರು ನಾಲ್ಕು ಸಲಕ್ಕೆ ಹಂಚಿಕೊಳ್ಳಿ.

ಉತ್ತರ: ಎರಡೂಕೀಲು

ನನಗೆ ಎರಡೂ ಬದಿಯ ಶಸ್ತ್ರಚಿಕಿತ್ಸೆ ಆಗಿದೆ, ಬೇರೆ ಬೇರೆ ವರ್ಷಗಳಲ್ಲಿ. ಒಂದೇ ದೇಹದಲ್ಲಿ ಎರಡು ಕೀಲುಗಳೂ ಒಂದೇ ರೀತಿ ಚೇತರಿಸಿಕೊಳ್ಳಲಿಲ್ಲ. ಒಂದು ಬದಿ ಬೇಗ ಹಗುರವಾಯಿತು, ಇನ್ನೊಂದು ಬದಿಯಲ್ಲಿ ಬಿಗಿತ ಬಹಳ ಕಾಲ ಉಳಿಯಿತು. ನನ್ನ ಎರಡು ಸೊಂಟಗಳ ನಡುವೆಯೇ ಇಷ್ಟು ಅಂತರವಿರುವಾಗ, ಇನ್ನೊಬ್ಬರ ಚೇತರಿಕೆಯಿಂದ ನಮ್ಮದನ್ನು ಅಳೆಯಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿದ್ದೆಯ ಬಗ್ಗೆ ಹೇಳಬೇಕಾದದ್ದು ಸಾಕಷ್ಟಿದೆ, ಏಕೆಂದರೆ ನಿದ್ದೆಗೆಟ್ಟ ಮರುದಿನ ಅದೇ ನೋವು ಇಮ್ಮಡಿಯಾಗಿ ಕಾಣುತ್ತದೆ. ಅಂಗಾತ ಮಲಗುವುದು ಅಭ್ಯಾಸವಿಲ್ಲದವರು ಆಪರೇಷನ್ ಆಗದ ಬದಿಗೆ ಮಲಗಿ, ಎರಡು ಕಾಲುಗಳ ನಡುವೆ ದಪ್ಪ ದಿಂಬು ಇಟ್ಟುಕೊಳ್ಳಬಹುದು. ದಿಂಬು ಮಂಡಿಯ ಬಳಿ ಮಾತ್ರ ಇದ್ದರೆ ಸಾಲದು, ತೊಡೆಯಿಂದ ಪಾದದ ಗಂಟಿನವರೆಗೂ ಇರಬೇಕು. ಇಲ್ಲದಿದ್ದರೆ ಮೇಲಿನ ಕಾಲು ಒಳಗಡೆಗೆ ಜಾರಿ ಹೊರಬದಿಯನ್ನು ಎಳೆಯುತ್ತದೆ. ಮಗ್ಗುಲು ಬದಲಿಸುವಾಗಲೂ ದಿಂಬನ್ನು ಕಾಲುಗಳ ನಡುವೆ ಹಿಡಿದುಕೊಂಡೇ ಇಡೀ ದೇಹವನ್ನು ಒಟ್ಟಿಗೆ ಹೊರಳಿಸಬೇಕು. ಸಂಜೆ ಕಾಲನ್ನು ಎತ್ತರಕ್ಕಿಟ್ಟು ಮಲಗಿ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ನೋಯುವ ಜಾಗಕ್ಕೆ ಬಟ್ಟೆ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಇವೆರಡರಿಂದ ನನಗೆ ರಾತ್ರಿಗಳು ಸುಲಭವಾದವು. ಜೋಮಿರುವ ಜಾಗದ ಮೇಲೆ ಮಾತ್ರ ಮಂಜುಗಡ್ಡೆ ಇಡಬೇಡಿ, ಅಲ್ಲಿ ಅತಿಯಾದ ಶೀತ ನಮ್ಮ ಅರಿವಿಗೆ ಬರುವುದಿಲ್ಲ.

ಮಾತ್ರೆಗಳನ್ನು ಆದಷ್ಟು ಬೇಗ ಬಿಡುವುದೇ ಧೈರ್ಯ ಎಂದು ಹಲವರು ಭಾವಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ವೈದ್ಯರು ಅನುಮತಿಸಿದ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡು ಚೆನ್ನಾಗಿ ವ್ಯಾಯಾಮ ಮಾಡುವುದು, ನೋವಿಗೆ ಹೆದರಿ ವ್ಯಾಯಾಮವನ್ನೇ ಬಿಡುವುದಕ್ಕಿಂತ ಎಷ್ಟೋ ಮೇಲು.

ನಿಧಾನಹೆಜ್ಜೆ

ತಮ್ಮಿಬ್ಬರ ವಿವರಣೆಗೂ ತುಂಬ ಋಣಿ. ಪರೀಕ್ಷಿಸಿ ನೋಡಿದೆ: ಟವೆಲಿನಿಂದ ಎತ್ತಿದಾಗ ತೊಡೆಸಂದಿನ ನೋವು ಬಹುಮಟ್ಟಿಗೆ ಇಲ್ಲ, ನಾನೇ ಎತ್ತಿದಾಗ ಮಾತ್ರ ಬರುತ್ತದೆ. ಇನ್ನೊಂದು ಸಂಗತಿಯನ್ನು ಬರೆಯಲು ಬಿಟ್ಟುಹೋಗಿತ್ತು. ಬಹಳ ಹೊತ್ತು ಕುಳಿತು ಎದ್ದಾಗ ಮೊದಲ ಕೆಲವು ಹೆಜ್ಜೆಗಳಲ್ಲಿ ತೊಡೆಯ ನಡುಭಾಗ ನೋಯುತ್ತದೆ, ನಡೆಯುತ್ತ ಹೋದಂತೆ ಮಾಯವಾಗುತ್ತದೆ. ಇದು ಕೀಲು ಸಡಿಲವಾದ ಲಕ್ಷಣವೆಂದು ಎಲ್ಲೋ ಓದಿದೆ. ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

ಉತ್ತರ: ವಾರ್ಡ್‌ಸಿಸ್ಟರ್ (ಮೂಳೆ ವಿಭಾಗದ ದಾದಿ)

ನಿಮ್ಮ ಆತಂಕ ಅರ್ಥವಾಗುತ್ತದೆ. ಮೂಳೆಗೆ ಹಿಡಿದಿಡುವ ಸಿಮೆಂಟಿಲ್ಲದೆ ಕೂರಿಸಿದ ಕೀಲಿನಲ್ಲಿ ತೊಡೆಮೂಳೆಯೊಳಗಿನ ಲೋಹದ ಕಾಂಡಕ್ಕೆ ಮೂಳೆ ಬೆಳೆದು ಅಂಟಿಕೊಳ್ಳಬೇಕು. ಆ ಕಾಂಡದ ತುದಿಯ ಬಳಿ ಮೂಳೆ ಹೊಸ ಭಾರಕ್ಕೆ ಹೊಂದಿಕೊಳ್ಳುವ ತಿಂಗಳುಗಳಲ್ಲಿ ತೊಡೆಯ ನಡುವೆ ಇಂತಹ ನೋವು ಬರುವುದುಂಟು, ಮತ್ತು ಅದು ಸಾಮಾನ್ಯವಾಗಿ ತಾನಾಗಿ ತಗ್ಗುತ್ತದೆ. ಕೀಲು ಸಡಿಲವಾದಾಗಲೂ ಎದ್ದ ಕೂಡಲೇ ನೋವು ಬರುತ್ತದೆ ಎಂದು ನೀವು ಓದಿದ್ದು ಸುಳ್ಳಲ್ಲ. ಇವೆರಡನ್ನು ಬೇರ್ಪಡಿಸುವುದು ನೋವು ಸಾಗುವ ದಿಕ್ಕು ಮತ್ತು ಎಕ್ಸ್‌ರೇಗಳ ಹೋಲಿಕೆ. ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ ಕಾಯಬಹುದು. ಹೆಚ್ಚಾಗುತ್ತಿದ್ದರೆ, ಅಥವಾ ಪೂರ್ತಿ ಹೋಗಿ ಮತ್ತೆ ಬಂದರೆ, ಹಳೆಯ ಎಕ್ಸ್‌ರೇಯೊಂದಿಗೆ ಹೋಲಿಸಿ ನೋಡಲು ಹೊಸದೊಂದನ್ನು ತೆಗೆಸಬೇಕು. ಆದ್ದರಿಂದ ಈ ಸಂಗತಿಯನ್ನು ಮುಂದಿನ ಭೇಟಿಯಲ್ಲಿ ತಪ್ಪದೆ ಹೇಳಿ.

ಕೆಲವು ಲಕ್ಷಣಗಳಿಗೆ ಮುಂದಿನ ಭೇಟಿಯವರೆಗೂ ಕಾಯಕೂಡದು. ಮೀನಖಂಡ ಬಿಗಿದು ನೋಯುವುದು, ರಾತ್ರಿ ಮಲಗಿದರೂ ಇಳಿಯದ ಊತ, ಕಾಲು ಬೆಚ್ಚಗಾಗಿ ಕೆಂಪೇರುವುದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು; ಅಂದೇ ತೋರಿಸಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋಯಿಸಿದರೆ ಒಂದು ಕ್ಷಣವೂ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಹೆಪ್ಪುಗಟ್ಟುವ ಅಪಾಯ ಮೊದಲ ಮೂರು ತಿಂಗಳಲ್ಲಿ ಹೆಚ್ಚು, ಆಮೇಲೆ ಕಡಿಮೆಯಾದರೂ ಸೊನ್ನೆಯಾಗುವುದಿಲ್ಲ. ಬೆಳಿಗ್ಗೆ ಇಳಿದು ಸಂಜೆ ಏರುವ ಊತ ಮಾತ್ರ ಆರು ತಿಂಗಳವರೆಗೂ ಇರಬಹುದು. ಒಂದು ತಿರುವಿನಲ್ಲೋ ಬಗ್ಗುವಾಗಲೋ ತೀವ್ರ ನೋವು ಬಂದು, ಕಾಲು ಗಿಡ್ಡವಾಗಿ ತಿರುಚಿದಂತೆ ಕಂಡು, ಊರಲು ಆಗದಿದ್ದರೆ ಕೀಲು ಜಾರಿರಬಹುದು.

ಸೋಂಕಿನ ಬಗ್ಗೆ ವಿಶೇಷವಾಗಿ ಹೇಳುತ್ತೇನೆ, ಏಕೆಂದರೆ ಜ್ವರವಿಲ್ಲದಿದ್ದರೆ ಸೋಂಕಿಲ್ಲ ಎಂಬ ತಪ್ಪು ನಂಬಿಕೆ ಬಹಳ ಕಡೆ ಇದೆ. ಕೃತಕ ಕೀಲಿನ ಸೋಂಕು ಜ್ವರವಿಲ್ಲದೆಯೂ ಇರಬಹುದು. ಸುಮ್ಮನೆ ಮಲಗಿದ್ದಾಗಲೂ ನಿಲ್ಲದ ನೋವು, ಗಾಯ ಒಸರುವುದು, ಮಾಗಿದ ಗಾಯ ಮತ್ತೆ ಕೆಂಪಾಗುವುದು ಕಂಡರೆ ದೇಹದಲ್ಲಿ ಉರಿಯೂತವಿದೆಯೇ ಎಂದು ತೋರಿಸುವ ಸಿಆರ್‌ಪಿ ಮತ್ತು ಇಎಸ್‌ಆರ್ ರಕ್ತಪರೀಕ್ಷೆಗಳನ್ನೂ, ಅಗತ್ಯವಿದ್ದರೆ ಕೀಲಿನಿಂದ ದ್ರವ ತೆಗೆದು ಪರೀಕ್ಷಿಸುವುದನ್ನೂ ಮಾಡುತ್ತಾರೆ. ಅದಕ್ಕೆ ಮೊದಲೇ ಬೇರೆಲ್ಲೋ ಆಂಟಿಬಯೋಟಿಕ್ ತೆಗೆದುಕೊಂಡುಬಿಟ್ಟರೆ ಯಾವ ರೋಗಾಣು ಎಂದು ಪತ್ತೆಹಚ್ಚುವುದು ಕಷ್ಟವಾಗುತ್ತದೆ. ಹೀಗಾಗಿ ಮೊದಲು ನಿಮ್ಮ ಶಸ್ತ್ರಚಿಕಿತ್ಸಕರ ತಂಡಕ್ಕೇ ಕರೆ ಮಾಡಿ.

ಮಾತ್ರೆಗಳ ಕುರಿತು ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಪ್ಯಾರಾಸಿಟಮಾಲ್ ಆರೋಗ್ಯವಂತ ವಯಸ್ಕರಲ್ಲಿ 24 ಗಂಟೆಗಳಿಗೆ 4 ಗ್ರಾಂ ಮೀರಬಾರದು. ಶೀತದ ಮಾತ್ರೆಗಳಲ್ಲೂ ಅದು ಸೇರಿರುವುದರಿಂದ ಒಟ್ಟು ಲೆಕ್ಕ ಇಡಬೇಕು. ಯಕೃತ್ತಿನ ತೊಂದರೆ ಇರುವವರಿಗೆ, ತೂಕ ತೀರ ಕಡಿಮೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹವನ್ನು ರಕ್ತ ತೆಳುವಾಗಿಸುವ ಔಷಧದ ಜೊತೆ ತೆಗೆದುಕೊಂಡರೆ ರಕ್ತಸ್ರಾವದ ಅಪಾಯವಿದೆ, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಟ್ರಮಡಾಲ್‌ನಂತಹ ಬಲವಾದ ನೋವಿನ ಮಾತ್ರೆಗಳು ಮಂಪರು ತರುವುದರಿಂದ ಬೀಳುವ ಭಯವಿರುತ್ತದೆ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೆ ನಿಲ್ಲಿಸದೆ ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು.

ಜೋಮು ಹಿಡಿದ ಜಾಗಕ್ಕೆ ಕಾರಣ ಚರ್ಮದ ಸಣ್ಣ ನರಗಳಿಗಾದ ಪೆಟ್ಟು. ಅದು ನಿಧಾನವಾಗಿ ಕಿರಿದಾಗುತ್ತದೆ, ಕೆಲವರಲ್ಲಿ ಒಂದಿಷ್ಟು ಭಾಗ ಹಾಗೆಯೇ ಉಳಿಯುತ್ತದೆ, ಆದರೆ ನಡಿಗೆಗೆ ಅಡ್ಡಿಯಾಗುವುದಿಲ್ಲ.

ಉತ್ತರ: ಎರಡೂಕೀಲು

ಸಿಸ್ಟರ್ ಹೇಳಿದ ದಿಕ್ಕಿನ ಮಾತು ಬಹಳ ಸರಿ. ದಿಕ್ಕು ತಿಳಿಯಬೇಕಾದರೆ ಬರೆದಿಡಬೇಕು, ಏಕೆಂದರೆ ನೋವಿನ ದಿನ ಕಳೆದ ತಿಂಗಳು ಹೇಗಿದ್ದೆವೆಂದು ನೆನಪಾಗುವುದೇ ಇಲ್ಲ. ವಾರಕ್ಕೊಮ್ಮೆ ನಾಲ್ಕು ಸಾಲು ಸಾಕು: ಎಲ್ಲಿ ನೋವು, ಯಾವ ಚಲನೆಯಲ್ಲಿ, ಎಷ್ಟು ಹೊತ್ತು ನಡೆಯಲು ಆಯಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು.

ಇನ್ನೊಂದು ಮಾತು. 2012ರಲ್ಲಿ ಪ್ರಕಟವಾದ ಅಧ್ಯಯನಗಳ ಪರಾಮರ್ಶೆಯೊಂದರ ಪ್ರಕಾರ, ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಶೇಕಡಾ 7ರಿಂದ 23ರಷ್ಟು ಜನರಿಗೆ ಗಣನೀಯ ನೋವು ದೀರ್ಘಕಾಲ ಉಳಿದಿತ್ತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬಹುಪಾಲು ಜನ ಆ ಗುಂಪಿನ ಹೊರಗೇ ಇದ್ದಾರೆ. ಆದರೆ ವರ್ಷವಾದರೂ ನೋವು ಉಳಿದರೆ ಅದನ್ನು ನಮ್ಮ ಸಹನೆಯ ಕೊರತೆಯೆಂದು ಭಾವಿಸಿ ಸುಮ್ಮನಿರಬಾರದು. ಎಕ್ಸ್‌ರೇ ಚೆನ್ನಾಗಿದೆ ಎಂಬ ಉತ್ತರ ಬಂದಾಗ, ಹಾಗಾದರೆ ಈ ನೋವು ಸ್ನಾಯುರಜ್ಜುವಿನದ್ದೇ, ಬೆನ್ನುಹುರಿಯ ನರದ್ದೇ, ಅದನ್ನು ಯಾರು ಪರೀಕ್ಷಿಸುತ್ತಾರೆ ಎಂದು ವಿನಯದಿಂದಲೇ ಮುಂದಿನ ಪ್ರಶ್ನೆ ಕೇಳಬೇಕು. ಬೇಕೆನಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದರಲ್ಲೂ ತಪ್ಪಿಲ್ಲ. ಹೋಗುವಾಗ ಶಸ್ತ್ರಚಿಕಿತ್ಸೆಯ ವಿವರವಿರುವ ಕಾಗದ ಮತ್ತು ಮೊದಲಿನಿಂದ ತೆಗೆದ ಎಲ್ಲ ಎಕ್ಸ್‌ರೇಗಳನ್ನು ಜೊತೆಯಲ್ಲಿ ಒಯ್ಯಿರಿ.